ಅಣ್ಣನಿಗೆ ಕುಡಿತವೂ ಇದೆ, ಬೈಪೋಲಾರ್ ಕೂಡ ಇದೆ. ಎಲ್ಲಿ ಅಡ್ಮಿಟ್ ಮಾಡಿಸೋದು?

ಜೋಳದ ತೆನೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಅಣ್ಣನಿಗೆ 34 ವರ್ಷ, ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಮೂರು ವರ್ಷದ ಹಿಂದೆ ಡಾಕ್ಟರು ಬೈಪೋಲಾರ್ ಅಂದರು, ಅಂದರೆ ಹುಮ್ಮಸ್ಸು ಒಮ್ಮೆ ವಿಪರೀತ ಏರೋದು, ಒಮ್ಮೆ ಪೂರಾ ಇಳಿಯೋದು. ಅದನ್ನು ಹದದಲ್ಲಿಡೋಕೆ ಲಿಥಿಯಂ ಗುಳಿಗೆ ಬರೆದುಕೊಟ್ಟರು. ಕುಡಿತ ಅದಕ್ಕೂ ಮೊದಲಿನದು. ಗುಳಿಗೆ ಸರಿಯಾಗಿ ತಗೊಂಡರೆ ಒಂದೆರಡು ತಿಂಗಳು ಆರಾಮ ಇರುತ್ತಾನೆ. ಆಮೇಲೆ ಯಾರದೋ ಮದುವೆ, ಯಾವುದೋ ಜಾತ್ರೆ, ಮತ್ತೆ ಶುರು.

ಹೋದ ವರ್ಷ ಊರ ಹೊರಗಿನ ಒಂದು ಕುಡಿತ ಬಿಡಿಸುವ ಕೇಂದ್ರಕ್ಕೆ ಮೂರು ತಿಂಗಳು ಸೇರಿಸಿದ್ದೆವು. ಸೇರಿಸುವಾಗ ಡಾಕ್ಟರ ಚೀಟಿ ತೋರಿಸಿದೆ. "ಇಲ್ಲಿ ಯಾವ ಗುಳಿಗೆಯೂ ನಡೆಯಲ್ಲ, ಅದೂ ಒಂದು ನಶೆನೇ" ಅಂತ ಚೀಟಿಯನ್ನು ನನ್ನ ಕೈಗೇ ವಾಪಸ್ ಕೊಟ್ಟರು. ದೊಡ್ಡವರು ಹೇಳ್ತಾರೆ ಅಂತ ನಾನೂ ಸುಮ್ನೆ ಬಂದೆ, ಅದೇ ನಾನು ಮಾಡಿದ ತಪ್ಪು. ಮೊದಲ ತಿಂಗಳು ಭೇಟಿಗೂ ಬಿಡಲಿಲ್ಲ. ಮನೆಗೆ ಬಂದ ಮೇಲೆ ಅವನಿಗೆ ನಿದ್ದೆಯೇ ಇಲ್ಲ, ರಾತ್ರಿ ಎರಡಕ್ಕೆ ಎದ್ದು ಶಹಾಬಾದಿನಲ್ಲಿ ಕಲ್ಲಿನ ಗಣಿ ಖರೀದಿ ಮಾಡುತ್ತೇನೆ ಅಂತ ಸಿಕ್ಕಸಿಕ್ಕವರಿಗೆಲ್ಲ ಫೋನ್ ಹಚ್ಚುತ್ತಿದ್ದ. ಅವ್ವನ ಎರಡು ತೊಲ ಬಂಗಾರ ಅಡ ಇಟ್ಟ. ಹತ್ತೇ ದಿನಕ್ಕೆ ಮತ್ತೆ ಬಾಟಲಿ.

ಈಗ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ, ಒಂದು ಕ್ವಾರ್ಟರ್ ಹೊಟ್ಟೆಗೆ ಹೋದ ಮೇಲೆ ನಿಲ್ಲುತ್ತದೆ. ಮೊನ್ನೆ "ನಾನು ಇರೋದೇ ಬೇಡ" ಅಂದ. ಮಾಮಾ ಗಾಣಗಾಪುರದ ದತ್ತನ ಗುಡಿಗೆ ಕರ್ಕೊಂಡು ಹೋಗೋಣ ಅಂತಾರೆ. ಒಬ್ಬರು ಮೊದಲು ಕುಡಿತ ಬಿಡಿಸಿ ಆಮೇಲೆ ತಲೆ ನೋಡೋಣ ಅಂತಾರೆ, ಇನ್ನೊಬ್ಬರು ಅದರ ಉಲ್ಟಾ. ಎರಡನ್ನೂ ಒಟ್ಟಿಗೆ ನೋಡುವ ಜಾಗ ಇದೆಯಾ? ಅವನು ಬೆಳಿಗ್ಗೆ ಹೂಂ ಅಂತಾನೆ, ಸಂಜೆ ಒಲ್ಲೆ ಅಂತಾನೆ. ಒಲ್ಲೆ ಅಂದರೂ ಸೇರಿಸಬಹುದಾ?

ಬಿದ್ರಿ ಕಪ್ಪು, ಬೀದರ್

ತಂಗಿ, ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಮೊದಲು "ಇರೋದೇ ಬೇಡ" ಅಂದದ್ದರ ಮಾತು. ಕುಡಿದ ಅಮಲಿನಲ್ಲಿ ಅಂದ ಅಂತ ಬಿಡಬೇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿ, ಕೇಳಿದರೆ ಜಾಸ್ತಿ ಆಗುತ್ತೆ ಅನ್ನೋದು ಸುಳ್ಳು. ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಇವತ್ತೇ ಬೇರೆ ಕಡೆ ಸಾಗಿಸಿ. ಗುಳಿಗೆ ಡಬ್ಬಿ ನಿಮ್ಮ ಹತ್ತಿರ ಇರಲಿ, ಅವನೊಬ್ಬನನ್ನೇ ಬಿಡಬೇಡಿ. 14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನಾದರೂ ಮಾಡಿಕೊಳ್ಳುವ ಹಾಗೆ ಕಂಡರೆ ಫೋನಿಗೂ ಕಾಯಬೇಡಿ, ಸೀದಾ ಕ್ಯಾಜುವಾಲಿಟಿ.

ಇನ್ನು ಆ ಕೈ ನಡುಕ. ದಿನಾ ಕುಡಿಯುವವರು ಏಕದಂ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನಕ್ಕೆ ಗೋಡೆ ಮೇಲೆ ಹುಳ ಕಾಣುತ್ತೆ, ಯಾರೋ ಕರೀತಿದ್ದಾರೆ ಅಂತ ಬಡಬಡಿಸುತ್ತಾರೆ, ಮೈ ಬೆವರುತ್ತದೆ. ಜನ ಅದನ್ನ ದೆವ್ವ ಅಂತಾರೆ. ಅದರಲ್ಲಿ ಜೀವವೂ ಹೋಗಬಹುದು. ಅದಕ್ಕೇ ಮನೆಯಲ್ಲಿ ಕೂಡಿಹಾಕಿ ಬಿಡಿಸೋದು ಬೇಡ. ವಾರ್ಡಿನಲ್ಲಿ ಡಯಾಜೆಪಾಮ್ ಅಥವಾ ಲೋರಾಜೆಪಾಮ್ ತರಹದ ಔಷಧಿ ಕೊಟ್ಟು ನಿಧಾನಕ್ಕೆ ಇಳಿಸುತ್ತಾರೆ, ಜೊತೆಗೆ ಥಯಾಮಿನ್, ಅಂದರೆ ಬಿ1.

ಲಿಥಿಯಂ ತಗೊಳ್ಳುವವರಿಗೆ ಇನ್ನೊಂದು ಕಾಟ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ವಾಂತಿ, ಭೇದಿ, ಬೆವರಿನಲ್ಲಿ ಮೈಯ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಆಗ ಕೈ ಜೋರಾಗಿ ನಡುಗುತ್ತದೆ, ಮಾತು ತೊದಲುತ್ತದೆ, ನಡಿಗೆ ಓಲಾಡುತ್ತದೆ. ನೋಡಿದವರಿಗೆ ಕುಡಿದ ಹಾಗೇ ಕಾಣುತ್ತದೆ! ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಿದರೂ ಏರುತ್ತದೆ. ಅವನ ನಡುಕ ಯಾವುದರದು ಅಂತ ನಾವು ಇಲ್ಲಿ ಕೂತು ಹೇಳೋಕಾಗಲ್ಲ, ರಕ್ತ ಪರೀಕ್ಷೆ ಮಾಡಿಸಲೇಬೇಕು. ಕೊನೆಯ ಗುಳಿಗೆ ತಗೊಂಡು 12 ತಾಸಿಗೆ ರಕ್ತ ಕೊಡಬೇಕು. ಗುಳಿಗೆ ಬಿಟ್ಟು ಎಷ್ಟೋ ದಿನ ಆಗಿದ್ದರೆ ನೀವೇ ಮತ್ತೆ ಶುರು ಮಾಡಬೇಡಿ.

ಹಳೇ ಚಾಳಿ

ಇಷ್ಟೆಲ್ಲ ಯಾಕ್ರೀ? ಬಸ್ ಸ್ಟ್ಯಾಂಡ್ ಗೋಡೆ ಮೇಲೆ ನಂಬರ್ ಬರೆದಿರ್ತಾರಲ್ಲ, ಕುಡಿಯುವವರಿಗೆ ಗೊತ್ತಾಗದಂಗೆ ಸಾರಿನಲ್ಲಿ ಹಾಕೋ ಪುಡಿ. ನಮ್ಮ ಭಾವ ಒಂದೇ ವಾರದಲ್ಲಿ ಬಿಟ್ಟ.

ಬಿದ್ರಿ ಕಪ್ಪು, ಬೀದರ್

ದಯವಿಟ್ಟು ಬೇಡ. ಆ ಪುಡಿಯಲ್ಲಿ ಡೈಸಲ್ಫಿರಾಂ ಅನ್ನೋ ಕುಡಿತ ಬಿಡಿಸುವ ಔಷಧಿ ಇದ್ದರೆ, ಗೊತ್ತಿಲ್ಲದೆ ಕುಡಿದವನಿಗೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದು ಹೃದಯಕ್ಕೇ ಹೊಡೆತ ಬೀಳಬಹುದು. ಡಾಕ್ಟರು ಕೂಡ ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುವ ಗುಳಿಗೆ ಅದು. ಕೆಲವರಿಗೆ ಅದರಿಂದ ಭ್ರಮೆಯೂ ಶುರುವಾಗುತ್ತದೆ. ನಿಮ್ಮ ಭಾವ ಬಚಾವಾದದ್ದು ನಸೀಬು.

ಭೀಮಾ ದಂಡೆ, ಯಾದಗಿರಿ

ಅಕ್ಕಾ, ನಮ್ಮ ಕಾಕಾನದ್ದೂ ಇದೇ ಕಥೆ, ಸ್ವಲ್ಪ ಬೇರೆ. ಅವರದು ಸೇಂದಿ. ಸೇಂದಿ ಅಂದರೆ ಈಚಲ ಮರದ್ದು ಅಂದ್ಕೊಂಡೀರಿ, ನಮ್ಮ ಕಡೆ ಕದ್ದು ಮಾರುವುದರಲ್ಲಿ ಸಿ.ಎಚ್. ಪೌಡರೇ ಜಾಸ್ತಿ. ಕ್ಲೋರಲ್ ಹೈಡ್ರೇಟ್ ಅನ್ನೋ ಮತ್ತು ಬರಿಸುವ ರಾಸಾಯನಿಕ ಅದು, ಒಮ್ಮೊಮ್ಮೆ ಅಲ್ಪ್ರಜೋಲಾಮ್ ಅನ್ನೋ ಮಂಪರಿನ ಔಷಧಿ ಕೂಡ ಹಾಕುತ್ತಾರೆ. ಅದನ್ನ ಬಿಟ್ಟ ಮೂರನೇ ದಿನ ಕಾಕಾ ಅಂಗಳದಲ್ಲಿ ಯಾರ ಜೊತೆಗೋ ಜಗಳ ಆಡುತ್ತಿದ್ದರು, ಎದುರಿಗೆ ಯಾರೂ ಇರಲಿಲ್ಲ. ನಿಮ್ಮ ಅಣ್ಣ ಸೇಂದಿಯನ್ನೂ ಕುಡೀತಾನಾ ಅಂತ ಕೇಳಿ, ಡಾಕ್ಟರಿಗೆ ಹೇಳಿ. ನಾವು ನಾಚಿಕೆಗೆ ಹೇಳಿರಲಿಲ್ಲ.

ಕಾಕಾ ಒಂದು ಸರ್ಕಾರಿ ವಾರ್ಡಿನಲ್ಲಿ ಐದು ವಾರ ಇದ್ದರು, ಜೊತೆಗೆ ನಾನು. ಮೊದಲ ವಾರ ಬರೀ ನಿದ್ದೆ, ಗ್ಲೂಕೋಸ್, ಗುಳಿಗೆ. ಆಮೇಲೆ ಡಾಕ್ಟರು ಕೇಳಿದ್ದೇ ಒಂದು ಪ್ರಶ್ನೆ, ತಿರುಗಾಮುರುಗಾ: ಕುಡಿಯದೇ ಇದ್ದ ದಿನಗಳಲ್ಲಿ ಹೇಗಿದ್ದರು? ಯಾಕಂದರೆ ಕುಡಿತದಿಂದಲೇ ಬಂದ ಮಂಕು ಎಷ್ಟೋ ಜನರಿಗೆ ಮೂರು ನಾಲ್ಕು ವಾರ ಕುಡಿಯದಿದ್ದರೆ ತಾನಾಗಿ ಇಳಿಯುತ್ತದಂತೆ. ಇಳಿಯದಿದ್ದರೆ ಅದು ಬೇರೆ ಕಾಯಿಲೆ. ಕಾಕಾನದ್ದು ಇಳಿಯಲಿಲ್ಲ, ಖಿನ್ನತೆಗೆ ಬೇರೆ ಗುಳಿಗೆ ಶುರು ಮಾಡಿದರು. ನಿಮ್ಮ ಅಣ್ಣನದು ಆಗಲೇ ಗೊತ್ತಿರುವ ಕಾಯಿಲೆ, ಗುಳಿಗೆ ನಿಲ್ಲಿಸಿದ್ದೇ ಆ ಗಣಿ ಖರೀದಿಗೆ ದಾರಿ ಮಾಡಿಕೊಟ್ಟಿದೆ ಅಂತ ನನಗೆ ಅನ್ನಿಸುತ್ತದೆ. ಹುಮ್ಮಸ್ಸು ಏರಿದಾಗ ಖುಷಿಗೆ ಕುಡಿಯೋದು, ಇಳಿದಾಗ ನಿದ್ದೆಗೆ ಕುಡಿಯೋದು. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಹೇಗೆ ನಿಲ್ಲುತ್ತದೆ ಹೇಳಿ?

ಯಾವ ಕೇಂದ್ರಕ್ಕೇ ಹೋಗಿ, ಬಾಗಿಲಲ್ಲೇ ಕೇಳಿ: ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ, ಈಗಿನ ಗುಳಿಗೆ ಮುಂದುವರಿಸುತ್ತೀರಾ, ನಾವು ಯಾವಾಗ ಬಂದು ನೋಡಬಹುದು, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಎಲ್ಲಿದೆ ತೋರಿಸಿ. ತಡವರಿಸಿದರೆ ಹೊರಗೆ ಬನ್ನಿ.

ಕೋರ್ಟ್ ರೋಡ್

ಒಲ್ಲೆ ಅಂದರೆ ಸೇರಿಸಬಹುದಾ ಅನ್ನೋದಕ್ಕೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕುಡಿತ, ಮಾದಕ ವಸ್ತುವಿನಿಂದ ಬರುವ ಮಾನಸಿಕ ತೊಂದರೆಯೂ ಸೇರಿದೆ. ಅವರೇ ಒಪ್ಪಿ ಸೇರೋದು ಒಳ್ಳೇದು. ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವ ಸ್ಥಿತಿ ಇದ್ದು, ಚಿಕಿತ್ಸೆಯ ತೀರ್ಮಾನಕ್ಕೆ ಜಾಸ್ತಿ ಆಸರೆ ಬೇಕಾದರೆ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ರೋಗಿಯ ಪರವಾಗಿ ನಿಲ್ಲುವವರು, ಅರ್ಜಿ ಕೊಡಬಹುದು. ಯಾರನ್ನೂ ನೇಮಿಸಿಲ್ಲದಿದ್ದರೆ ಮನೆಯವರೇ ಪ್ರತಿನಿಧಿ ಆಗಬಹುದು. ಒಬ್ಬ ಮನೋವೈದ್ಯರು ಮತ್ತೆ ಇನ್ನೊಬ್ಬ ವೈದ್ಯರೋ ಮಾನಸಿಕ ಆರೋಗ್ಯ ತಜ್ಞರೋ ಬೇರೆ ಬೇರೆಯಾಗಿ ನೋಡಿ ಹೌದು ಅನ್ನಬೇಕು. ಮೊದಲಿಗೆ 30 ದಿನದವರೆಗೆ ಇಟ್ಟುಕೊಳ್ಳಬಹುದು. ರಾತ್ರಿ ಬೊಲೆರೋದಲ್ಲಿ ನಾಲ್ಕು ಜನ ಬಂದು ಎತ್ತಿಕೊಂಡು ಹೋಗೋದು ಇದರಲ್ಲಿ ಎಲ್ಲೂ ಇಲ್ಲ. ಸರಪಳಿಯಲ್ಲಿ ಕಟ್ಟುವುದಕ್ಕೂ ನಿಷೇಧ ಇದೆ.

ಶರಣರ ಓಣಿ, ಕಲಬುರಗಿ

ತಂಗಿ, ಮಾಮಾನ ಜೊತೆ ಜಗಳ ಆಡಬೇಡ. ಗಾಣಗಾಪುರಕ್ಕೆ ನಾವೂ ಹೋಗಿದ್ದೇವೆ, ನಮ್ಮ ಮಗನನ್ನು ಕರ್ಕೊಂಡು. ಆದರೆ ಅಲ್ಲಿ ಹೋಗಿ ಕುಡಿತ ನಿಲ್ಲಿಸಿ ಕೂತರೆ ಎರಡನೇ ದಿನದ ಫಿಟ್ಸಿಗೆ ಯಾರು ಗತಿ? ಆಸ್ಪತ್ರೆಯಿಂದ ಬಂದ ಮೇಲೆ ಹೋಗಿ ಹರಕೆ ತೀರಿಸೋಣ ಅಂತ ಹೇಳು, ಕೇಳುತ್ತಾರೆ. ಮೊದಲು ಇಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಜಿಮ್ಸ್ ಮನೋವೈದ್ಯ ವಿಭಾಗಕ್ಕೆ ಹೋಗು. ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್ ಇದೆ. ಜಾಸ್ತಿ ದಿನ ಇರಬೇಕಾದರೆ ಅಲ್ಲಿಂದ ಚೀಟಿ ಬರೆಸಿಕೊಂಡು ಧಾರವಾಡದ ಡಿಮ್ಹಾನ್ಸ್, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್, ಎರಡೂ ಮನೋರೋಗದ ಸರ್ಕಾರಿ ಆಸ್ಪತ್ರೆಗಳು. ನಿಮ್ಹಾನ್ಸಿನಲ್ಲಿ ವ್ಯಸನಕ್ಕೇ ಬೇರೆ ಕೇಂದ್ರ ಇದೆ, ಮನೋವೈದ್ಯರೇ ನೋಡುತ್ತಾರೆ. ಬಿಪಿಎಲ್ ಕಾರ್ಡ್, ಆಧಾರ್, ಹಳೇ ಚೀಟಿ ಎಲ್ಲ ಒಂದು ಚೀಲದಲ್ಲಿ ಹಾಕಿಕೋ. ಜೊತೆಗಿರುವವರು ಒಬ್ಬರು ಬೇಕಾಗುತ್ತದೆ, ಮನೆಯಲ್ಲಿ ಪಾಳಿ ಹಂಚಿಕೊಳ್ಳಿ.

ಬಂದ ಮೇಲೆ ಮದುವೆ ಊಟಕ್ಕೆ ಒಬ್ಬನನ್ನೇ ಕಳಿಸಬೇಡ. ನಮ್ಮವನು ಎರಡು ಸಲ ಜಾರಿದ. ಎರಡೂ ಸಲ ಬೈಯದೆ ಮರುದಿನವೇ ಡಾಕ್ಟರ ಹತ್ತಿರ ಕರ್ಕೊಂಡು ಹೋದೆವು, ಗುಳಿಗೆ ಮಾತ್ರ ನಿಲ್ಲಿಸಲಿಲ್ಲ.

ಜೋಳದ ತೆನೆ, ಕಲಬುರಗಿ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ನೇರವಾಗಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ, ಆಮೇಲೆ ಅತ್ತ. ಸೇಂದಿಯೂ ಕುಡೀತಾನಂತೆ, ನಮಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಹೂಂ ಅನ್ನೋ ಹೊತ್ತಿಗೇ ಆಟೋ ಹತ್ತಿಸಿ ಜಿಮ್ಸಿಗೆ ಕರ್ಕೊಂಡು ಬಂದೆ. ಅಡ್ಮಿಟ್ ಮಾಡಿಕೊಂಡರು. ಲಿಥಿಯಂ ಪರೀಕ್ಷೆಗೆ ರಕ್ತ ತಗೊಂಡಿದ್ದಾರೆ. ಕೇಂದ್ರದವರು ಅಂದದ್ದನ್ನು ಹೇಳಿದೆ, ಡಾಕ್ಟರು ತಲೆ ಕೆಡಿಸಿಕೊಂಡು ಮತ್ತೆ ಮತ್ತೆ ಕೇಳಿದರು. ಮುಂದೆ ಧಾರವಾಡವೋ ಇಲ್ಲೇನೋ, ವಾರ ಬಿಟ್ಟು ಹೇಳುತ್ತಾರಂತೆ. ಧಾರವಾಡಕ್ಕೆ ಹೋಗಬೇಕಾದರೆ ಏನೇನು ಒಯ್ಯಬೇಕು?

ಭೀಮಾ ದಂಡೆ, ಯಾದಗಿರಿ

ಎರಡು ಚಾದರ, ಒಂದು ಚೆಂಬು, ಫೋನ್ ಚಾರ್ಜರ್. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಜಾಸ್ತಿನೇ ಕಟ್ಟಿಕೊಳ್ಳಿ ಅಕ್ಕಾ, ಪಕ್ಕದ ಮಂಚದವರೂ ಕೇಳ್ತಾರೆ.