ಕ್ವಿಬೆಕ್ ಸಿಟಿಗೆ ಹೋದರೆ ಎರಡು ರಾತ್ರಿಯಾದರೂ ಉಳಿಯಿರಿ, ಮಾತು ಮಕ್ಕಳಿಗೆ ಬಿಡಿ

ಟೊರೊಂಟೊ, ಒಟ್ಟಾವಾ ಕಡೆಯವರು ಪ್ರತಿ ಬೇಸಿಗೆಯಲ್ಲೂ ಕೆನಡಾ ಕನ್ನಡಿಗರ ಈ ಗುಂಪಿನಲ್ಲಿ ಇದೇ ಪ್ರಶ್ನೆ ಕೇಳುತ್ತಾರೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಾಂಟ್ರಿಯಲ್‌ಗೆ ಹೇಗೂ ಬರ್ತೀವಿ, ಹಾಗೇ ಕ್ವಿಬೆಕ್ ಸಿಟಿಯನ್ನೂ ಒಂದೇ ದಿನದಲ್ಲಿ ಮುಗಿಸಬಹುದಾ ಅಂತ. ಮುಗಿಸಬಹುದು, ಮಾಂಟ್ರಿಯಲ್‌ನಿಂದ ಸುಮಾರು 250 ಕಿ.ಮೀ. ಅಷ್ಟೆ. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಮಧ್ಯಾಹ್ನ ಬಂದು ಸಂಜೆ ಹೊರಟರೆ ಪಾರ್ಕಿಂಗ್ ಹುಡುಕೋದು, ಜನಜಂಗುಳಿ, ಶಾಟೊ ಫ್ರಾಂಟೆನಾಕ್ ಹೋಟೆಲ್ ಮುಂದೆ ಒಂದು ಫೋಟೊ, ಇಷ್ಟೇ ಸಿಗೋದು.

ಆ ಊರಿನ ಚೆಲುವು ಇರುವುದು ಸಂಜೆಯಲ್ಲಿ. ಟೂರ್ ಬಸ್ಸುಗಳು ಹೋದ ಮೇಲೆ ಡಫರಿನ್ ಟೆರೇಸ್ ಮೇಲೆ ನಡೆಯಿರಿ. ಮರದ ಹಲಗೆಯ ನೆಲ, ಕೆಳಗೆ ಸೇಂಟ್ ಲಾರೆನ್ಸ್ ನದಿ, ಪಕ್ಕದಲ್ಲಿ 1893ರಲ್ಲಿ ತೆರೆದ ಆ ದೊಡ್ಡ ಹೋಟೆಲಿನ ದೀಪಗಳು. ಮಂಡಿ ನೋವಿರುವ ಅಜ್ಜಿ ತಾತ ಇದ್ದರೆ ಮೆಟ್ಟಿಲು ಬೇಡ, ಇಳಿಜಾರಿನ ಹಳಿ ಮೇಲೆ ಓಡುವ ಫ್ಯುನಿಕುಲರ್ ಬಂಡಿಯಲ್ಲಿ ಕೆಳಗಿಳಿಯಿರಿ, ಅದು 1879ರಿಂದ ಇದೆ. ಇಳಿದರೆ ನೇರ ಪೆಟಿ ಶಾಂಪ್ಲೇನ್ ಬೀದಿ. ಹತ್ತಿರದಲ್ಲೇ ಪ್ಲಾಸ್ ರೊಯಾಲ್, 1608ರಲ್ಲಿ ಈ ಊರನ್ನು ಸ್ಥಾಪಿಸಿದ ಸಾಮ್ಯುಯೆಲ್ ದ ಶಾಂಪ್ಲೇನ್ ಮೊದಲು ಮನೆ ಕಟ್ಟಿದ ಜಾಗ. ಆ ಹೆಸರನ್ನು ಮಕ್ಕಳು ಶಾಲೆಯಲ್ಲಿ ಓದಿರುತ್ತಾರೆ, ಹಾಗಾಗಿ ಇಲ್ಲಿ ಅವರೇ ನಿಮಗೆ ಗೈಡ್. ಕತ್ತಲಾದ ಮೇಲೆ ನದಿಯ ಆಚೆ ದಡದ ಲೆವಿ ಊರಿಗೆ ಹೋಗುವ ಫೆರ್ರಿ ಹತ್ತಿ. ಆ ದಡಕ್ಕೆ ಸುಮಾರು ಹನ್ನೆರಡು ನಿಮಿಷ ಅಷ್ಟೆ, ಹಿಂದಿರುಗಿ ನೋಡಿದರೆ ಬಂಡೆಯ ಮೇಲೆ ಇಡೀ ಹಳೇ ಊರು ಬೆಳಗ್ತಾ ಇರುತ್ತದೆ. ದುಬಾರಿ ಡಿನ್ನರ್ ಕ್ರೂಸ್ ಅಗತ್ಯವೇ ಇಲ್ಲ ಅಂತ ನನ್ನ ಅಭಿಪ್ರಾಯ.

ಹಗಲಿಗೆ ಕೋಟೆ ಗೋಡೆ. ಮೆಕ್ಸಿಕೊದ ಉತ್ತರಕ್ಕೆ ಇನ್ನೂ ಕೋಟೆ ಗೋಡೆ ಉಳಿಸಿಕೊಂಡ ಊರು ಇದೊಂದೇ, ಯುನೆಸ್ಕೊ ಪಟ್ಟಿಗೆ 1985ರಲ್ಲೇ ಸೇರಿದೆ. ಗೋಡೆ ಸುಮಾರು 4.6 ಕಿ.ಮೀ. ಇದೆ, ಮೇಲೆ ನಡೆಯಲು ದುಡ್ಡಿಲ್ಲ. ಅಲ್ಲಿಂದ ಅಬ್ರಹಾಂ ಬಯಲಿಗೆ ಹೋಗಿ. 1759ರ ಸೆಪ್ಟೆಂಬರ್ 13ರಂದು ಇಂಗ್ಲಿಷರೂ ಫ್ರೆಂಚರೂ ಇಲ್ಲಿ ಕಾದಾಡಿದರು. ವುಲ್ಫ್, ಮಾಂಕಾಮ್, ಇಬ್ಬರು ಸೇನಾಪತಿಗಳೂ ಸತ್ತರು. ಮಕ್ಕಳಿಗೆ ಇಷ್ಟಕ್ಕೇ ನಿಲ್ಲಿಸಬೇಡಿ. ಅದೇ ಏಳು ವರ್ಷಗಳ ಯುದ್ಧದ ಇನ್ನೊಂದು ತುದಿ ನಮ್ಮ ದಕ್ಷಿಣ ಭಾರತದಲ್ಲಿತ್ತು, 1760ರಲ್ಲಿ ಈಗಿನ ತಮಿಳುನಾಡಿನ ವಾಂಡಿವಾಶ್‌ನಲ್ಲಿ ಇದೇ ಇಂಗ್ಲಿಷರು ಇದೇ ಫ್ರೆಂಚರನ್ನು ಸೋಲಿಸಿದರು ಅಂತ ಹೇಳಿ. ಮೈಸೂರಿನಿಂದ ಬಂದ ತಾತ ಅಲ್ಲಿಂದ ಹೈದರಾಲಿ ಕಥೆ ಶುರು ಮಾಡಿದರೆ ಮಧ್ಯಾಹ್ನ ಕಳೆದದ್ದೇ ಗೊತ್ತಾಗಲ್ಲ.

ಕಾರಿದ್ದರೆ ಮೊಂಟ್‌ಮೊರೆನ್ಸಿ ಜಲಪಾತ ಬಿಡಬೇಡಿ. 83 ಮೀಟರ್, ನಯಾಗರಾಕ್ಕಿಂತ ಎತ್ತರ. 253 ಮೀಟರಿನ ಜೋಗ ನೋಡಿದವರಿಗೆ ಎತ್ತರ ದೊಡ್ಡದೇನಲ್ಲ, ಆದರೆ ನೀರು ಧುಮುಕುವ ಅಂಚಿನ ಮೇಲೇ ತೂಗುಸೇತುವೆ ಇದೆ. ಹಿರಿಯರಿಗೆ ಕೇಬಲ್ ಕಾರ್ ಇದೆ. ಎದುರಿಗೇ ಆರ್ಲಿಯನ್ಸ್ ದ್ವೀಪ, ಜುಲೈಯಲ್ಲಿ ಸ್ಟ್ರಾಬೆರಿ, ಸೆಪ್ಟೆಂಬರ್‌ನಲ್ಲಿ ಸೇಬು ನೀವೇ ಕೀಳಬಹುದು.

ಊಟದ ವಿಷಯ. ಸಸ್ಯಾಹಾರಿಗಳು ಪೂಟಿನ್ ಅಂದರೆ ಆಲೂಗಡ್ಡೆ, ಚೀಸ್ ಅಂತ ನಂಬಿ ತಗೊಳ್ತಾರೆ. ಮೇಲೆ ಸುರಿಯುವ ಗ್ರೇವಿ ಸಾಮಾನ್ಯವಾಗಿ ಮಾಂಸದ ಸಾರಿನದು. ಬಟಾಣಿ ಸೂಪ್‌ನಲ್ಲಿ ಹ್ಯಾಮ್ ಇರಬಹುದು, ಬೀನ್ಸ್ ಜೊತೆ ಹಂದಿ ಕೊಬ್ಬು ಬೇಯಿಸುತ್ತಾರೆ. ಮಾಂಸ ಬೇಡ ಅಂದರೆ ಸಾಲದು, ಸಾರು ಯಾವುದರದು, ಕೊಬ್ಬು ಇದೆಯಾ ಅಂತ ಬಿಡಿಸಿ ಕೇಳಿ. ಚೀಸ್, ಅಣಬೆ ಹಾಕಿದ ಬಕ್‌ವೀಟ್ ಕ್ರೇಪ್ (ತೆಳು ದೋಸೆಯಂಥದ್ದು) ಚೆನ್ನಾಗಿರುತ್ತದೆ, ಮೊಟ್ಟೆ ತಿನ್ನದವರು ಹಿಟ್ಟಿನ ಬಗ್ಗೆಯೂ ವಿಚಾರಿಸಿ. ಹಿರಿಯರು ಜೊತೆಗಿದ್ದರೆ ಅಡುಗೆಮನೆ ಇರುವ ಬಾಡಿಗೆ ಮನೆಯೇ ವಾಸಿ, ರಾತ್ರಿ ಒಂದು ಅನ್ನ ಸಾರು ಆದರೆ ಎಲ್ಲರಿಗೂ ಸಮಾಧಾನ.

ಮಕ್ಕಳು ಅಜ್ಜಿ ಹತ್ತಿರ ಮಲಗಿದ ಮೇಲೆ ಗಂಡ ಹೆಂಡತಿ ಹೊರಗೆ ಹೋಗಿ. ಇದಕ್ಕೆ ಸಂಕೋಚ ಪಡುವವರು ನಮ್ಮಲ್ಲಿ ಜಾಸ್ತಿ, ಪಡಬೇಡಿ. ಗ್ರಾಂಡ್ ಅಲೇ ಬೀದಿಯಲ್ಲಿ ಕ್ಲಬ್, ಟೆರೇಸ್ ಗದ್ದಲ. ನನಗೆ ಇಷ್ಟ ಸೇಂಟ್ ರೋಕ್ ಕಡೆಯ ಚಿಕ್ಕ ಬಿಯರ್ ತಯಾರಕರ ಜಾಗಗಳು, ಸ್ಥಳೀಯರೇ ಹೆಚ್ಚು ಬರುತ್ತಾರೆ. ಬಾರ್‌ಗಳು ಬೆಳಗಿನ ಮೂರರವರೆಗೂ ತೆರೆದಿರುತ್ತವೆ. ಒಂಟಾರಿಯೊದಲ್ಲಿ ಕುಡಿಯುವ ವಯಸ್ಸು 19, ಇಲ್ಲಿ 18. ಕಾಲೇಜಿಗೆ ಸೇರುವ ಮಕ್ಕಳು ಸ್ನೇಹಿತರ ಜೊತೆ ಬರುವ ಮೊದಲು ಮನೆಯಲ್ಲಿ ಕೂತು ಮಾತಾಡಿ.

ಇನ್ನು ಭಾಷೆ. ಫ್ರೆಂಚ್ ಇಮ್ಮರ್ಶನ್‌ನಲ್ಲಿ, ಅಂದರೆ ಪಾಠಗಳನ್ನು ಫ್ರೆಂಚ್‌ನಲ್ಲೇ ಕಲಿಸುವ ತರಗತಿಯಲ್ಲಿ, ಓದುವ ಮಕ್ಕಳಿದ್ದರೆ ಊಟ ಆರ್ಡರ್ ಮಾಡೋದು, ಟಿಕೆಟ್ ಕೇಳೋದು ಎಲ್ಲ ಅವರಿಗೇ ಬಿಡಿ. ಮಗು ತಡವರಿಸಿದರೆ ಎದುರಿನವರು ಒಳ್ಳೆಯ ಮನಸ್ಸಿನಿಂದಲೇ ಇಂಗ್ಲಿಷ್‌ಗೆ ಬದಲಾಗುತ್ತಾರೆ, ಆಗ ದಯವಿಟ್ಟು ಫ್ರೆಂಚ್‌ನಲ್ಲೇ ಮಾತಾಡಿ ಅಂತ ಕೇಳಿಕೊಳ್ಳಿ, ಖುಷಿಯಿಂದ ಒಪ್ಪುತ್ತಾರೆ. ನನ್ನ ಮಗಳು ತನ್ನ ಅಜ್ಜಿಗೆ ಏನು ಬೇಕು ಅಂತ ಕನ್ನಡದಲ್ಲಿ ಕೇಳಿ ಫ್ರೆಂಚ್‌ನಲ್ಲಿ ಹೇಳಿದ ದಿನದಿಂದ ಅವಳಿಗೆ ಎರಡು ಭಾಷೆಯ ಮೇಲೂ ಹೆಮ್ಮೆ ಬಂದಿದೆ.

ಅಲ್ಲಿ ಕೆಲಸ ಸಿಕ್ಕಿ ನೆಲೆಸುವ ಯೋಚನೆ ಇರುವವರು ಈ ಪ್ರವಾಸವನ್ನೇ ಪರೀಕ್ಷೆ ಮಾಡಿಕೊಳ್ಳಿ. ಮಾಂಟ್ರಿಯಲ್‌ನಲ್ಲಿ ಇಂಗ್ಲಿಷ್‌ನಲ್ಲಿ ಹೇಗೋ ಸಾಗುತ್ತದೆ, ಇಲ್ಲಿ ದಿನಸಿ ಅಂಗಡಿಯಿಂದ ಡೇಕೇರ್‌ವರೆಗೆ ಫ್ರೆಂಚ್. ಕ್ವಿಬೆಕ್ ಪ್ರಾಂತ್ಯದ 1977ರ ಭಾಷಾ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಗೆ ಸೇರುವ ಮಕ್ಕಳು ಫ್ರೆಂಚ್ ಶಾಲೆಗೇ ಹೋಗಬೇಕು. ತಾಯಿ ಅಥವಾ ತಂದೆ ಕೆನಡಾದಲ್ಲಿ ಇಂಗ್ಲಿಷ್ ಪ್ರಾಥಮಿಕ ಶಾಲೆ ಓದಿದ್ದರೆ ವಿನಾಯಿತಿ ಇದೆ, ನಮ್ಮೂರಿನ ಇಂಗ್ಲಿಷ್ ಮೀಡಿಯಂ ಲೆಕ್ಕಕ್ಕೆ ಬರಲ್ಲ. ತಾತ್ಕಾಲಿಕ ಪರ್ಮಿಟ್‌ನವರಿಗೆ ಸಿಗುವ ವಿನಾಯಿತಿ ಸ್ವಲ್ಪ ಕಾಲದ್ದು. ಐದಾರು ವರ್ಷದ ಮಗುವಿನ ಬಗ್ಗೆ ನನಗೆ ಚಿಂತೆ ಇಲ್ಲ, ಹೊಸಬರಿಗೆ ಫ್ರೆಂಚ್ ಕಲಿಸುವ ತರಗತಿಗಳಿವೆ, ಬೇಗ ಹಿಡಿಯುತ್ತಾರೆ. ಆದರೆ ಮೂರು ಭಾಷೆ ಭಾರ ಅಂತ ಕನ್ನಡ ಬಿಡಿಸಬೇಡಿ. ಇಂಗ್ಲಿಷ್ ಟಿವಿಯಿಂದಲೇ ಬರುತ್ತದೆ, ಕನ್ನಡ ಮನೆ ಬಿಟ್ಟರೆ ಎಲ್ಲಿಂದ ಬರಬೇಕು?

ನನಗೆ ಆತಂಕ ಇರೋದು 14, 15 ವರ್ಷದವರ ಬಗ್ಗೆ. ಫ್ರೆಂಚ್ ಬಾರದೆ ನೇರ ಹೈಸ್ಕೂಲಿಗೆ ಸೇರಿದ ಮಕ್ಕಳ ತಂದೆ ತಾಯಿ ಈ ಗುಂಪಿನಲ್ಲಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ, ಹೊರಡಲು ಯೋಚಿಸುತ್ತಿರುವ ಕುಟುಂಬಗಳು ಕಾಯುತ್ತಿವೆ. ಈ ಜುಲೈಗೆ ಹೋಗುವವರು ರೂಮ್ ಬೇಗ ನೋಡಿಕೊಳ್ಳಿ. ಬೇಸಿಗೆ ಸಂಗೀತ ಉತ್ಸವ ಹನ್ನೊಂದು ದಿನ ನಡೆಯುತ್ತದೆ, ಆಗ ಬಾಡಿಗೆ ತುಂಬಾ ಏರುತ್ತದೆ.