ಮನೆ ಕೆಲಸಕ್ಕೆ ಏರ್ ರಿವೆಟ್ ಗನ್ ತಗೊಳ್ಬಹುದಾ? ಸಣ್ಣ ಕಂಪ್ರೆಸರ್ ಇದೆ

ಶಿರಸಿ_ತೋಟ:
ಎಲ್ರಿಗೂ ನಮಸ್ಕಾರ. ತಾರಸಿ ಮೇಲೆ ಶೀಟ್ ಹಾಕಿಸಿ ಆಯ್ತು, ಈಗ ಸುತ್ತ ಗಟರ್ ಕೂರಿಸೋದು, ಅಡಿಕೆ ಶೆಡ್ಡಿನ ಎರಡು ಬದಿ ಶೀಟಲ್ಲಿ ಮುಚ್ಚೋದು, ಕಿಟಕಿಗಳಿಗೆ ಸೊಳ್ಳೆ ಮೆಶ್ ಫ್ರೇಮು, ಇಷ್ಟೂ ಮಳೆ ಹಿಡಿಯೋದ್ರೊಳಗೆ ನಾನೇ ಮಾಡ್ಕೊಳ್ಬೇಕು ಅಂತಿದೀನಿ. ಕೈಲಿ ಹಿಂಡೋ ರಿವೆಟ್ ಗನ್ ಇದೆ, 3.2 ಎಂಎಂ ಅಲ್ಯೂಮಿನಿಯಂ ರಿವೆಟ್ ಆರಾಮಾಗಿ ಎಳೆಯುತ್ತೆ, ಆದ್ರೆ ಗಟರಿಗೆ 4.8 ಸ್ಟೇನ್‌ಲೆಸ್ ಹಾಕೋಕೆ ಹೋದ್ರೆ ಒಂದೊಂದಕ್ಕೂ ಎರಡು ಕೈ ಹಾಕಿ ಹಿಂಡಬೇಕು, ಸಂಜೆ ಹೊತ್ತಿಗೆ ಮಣಿಕಟ್ಟು ಎತ್ತೋಕಾಗಲ್ಲ. ಎಲ್ಲಾ ಸೇರಿ ಸಾವಿರದ ಹತ್ತಿರ ರಿವೆಟ್ ಬೇಕಾಗ್ಬಹುದು. ಮನೇಲಿ 24 ಲೀಟರ್ ಟ್ಯಾಂಕಿನ 1 ಎಚ್‌ಪಿ ಕಂಪ್ರೆಸರ್ ಇದೆ, ಗಾಡಿ ಟೈರಿಗೆ, ಧೂಳು ಹೊಡೆಯೋಕೆ ತಗೊಂಡಿದ್ದು. ಅಂಗಡಿಯವ್ರು ಏರ್ ಗನ್ನಿಗೆ ದೊಡ್ಡ ಕಂಪ್ರೆಸರೇ ಬೇಕು ಅಂತಾರೆ. ಹೌದಾ? ಆಮೇಲೆ ಈ ಕೆಲಸ ಮುಗಿದ್ಮೇಲೆ ಗನ್ ಸುಮ್ನೆ ಮೂಲೆ ಸೇರುತ್ತಾ? ಬಳಸಿದವ್ರು ಹೇಳಿ.

ಹುಬ್ಬಳ್ಳಿ_ಬಾಡಿಕೆಲಸ:
ನಮಸ್ಕಾರ್ರಿ. ಬಸ್ ಬಾಡಿ ಕಟ್ಟೋ ಶೆಡ್ಡಿನ್ಯಾಗ ದಿನಾ ಇದೇ ಕೆಲಸ ನಂದು. ಮೊದಲು ಕಂಪ್ರೆಸರಿನ ಮಾತು ಹೇಳ್ತೀನಿ, ಇದರಾಗ ಭಾಳ ಮಂದಿ ತಪ್ಪು ತಿಳ್ಕೊಂಡಾರ. ಗ್ರೈಂಡರ್, ಸ್ಯಾಂಡರ್ ಇವು ಒಂದೇ ಸಮ ಗಾಳಿ ತಿಂತಾವ, ಅವಕ್ಕ ದೊಡ್ಡ ಕಂಪ್ರೆಸರ್ ಬೇಕ ಬೇಕು. ರಿವೆಟ್ ಗನ್ ಹಂಗಲ್ರಿ. ಒಳಗ ಗಾಳಿ ಪಿಸ್ಟನ್ನು ಎಣ್ಣಿ ಒತ್ತತೈತಿ, ಆ ಎಣ್ಣಿ ಜೋರಿಗೆ ಜಾ, ಅಂದ್ರ ಕಚ್ಚಿ ಹಿಡಿಯೋ ಹಲ್ಲು, ಹಿಂದಕ್ಕ ಸರಿದು ರಿವೆಟ್ಟಿನ ನಡುವಿನ ಕಡ್ಡಿ ಜಗ್ಗತೈತಿ, ಒಂದು ರಿವೆಟ್ಟಿಗೆ ಒಂದೆರಡು ಲೀಟರ್ ಗಾಳಿ ಅಷ್ಟ. ನಿಮ್ಮ 24 ಲೀಟರ್ ಟ್ಯಾಂಕು 8 ಬಾರ್ ಒತ್ತಡದಿಂದ 6 ಬಾರ್‌ಗೆ ಇಳಿಯೋದ್ರಾಗ, ಹೊರಗಿನ ಗಾಳಿ ಲೆಕ್ಕದಾಗ, 48 ಲೀಟರ್ ಕೊಡತೈತಿ, ನೀವು ಮುಂದಿನ ತೂತು ಹೊಡ್ಯೋದ್ರಾಗ ಮೋಟರ್ ಮತ್ತ ತುಂಬಿರತೈತಿ. ಹಂಗಾಗಿ ನಿಮ್ಮ ಕಂಪ್ರೆಸರ್ ಸಾಕ್ರಿ. ಒಂದು ಮಾತ್ರ, ಕೆಲವು ಗನ್ನಿನ್ಯಾಗ ರಿವೆಟ್ ಕೆಳಗ ಬೀಳದಂಗ ಹಿಡಿಯಾಕ ಗಾಳಿ ಸೆಳೆಯೋ ವ್ಯವಸ್ಥಾ ಇರತೈತಿ, ಅದು ಸುಮ್ಮ ಗಾಳಿ ಬಿಡತಾನ ಇರತೈತಿ. ಬಂದ್ ಮಾಡೋ ವಾಲ್ವ್ ಇರೋದನ್ನ ತಗೋರಿ.

ಇನ್ನೊಂದು ಕೇಳ್ರಿ, ಆನ್‌ಲೈನಿನ್ಯಾಗ ಏರ್ ರಿವೆಟ್ ಗನ್ ಅಂತ ಹುಡುಕಿದ್ರ ಬಡಿಯೋ ಗನ್ನೂ ಬರತಾವ, ಅದು ಗಟ್ಟಿ ರಿವೆಟ್ಟಿಗೆ, ಹಿಂದಿನಿಂದ ಒಬ್ರು ಕಬ್ಬಿಣದ ಗಟ್ಟಿ ಒತ್ತಿ ಹಿಡೀಬೇಕು, ವಿಮಾನದ ಕೆಲಸಕ್ಕ ಬಳಸ್ತಾರ. ನಿಮಗ ಬೇಕಾದ್ದು ಪಾಪ್ ರಿವೆಟ್, ಅಂದ್ರ ನಡುವ ಕಡ್ಡಿ ಇರೋ ಪೊಳ್ಳು ರಿವೆಟ್, ಜಗ್ಗೋ ಗನ್. ಫೋಟೊ ಸರಿಯಾಗಿ ನೋಡಿ ಆರ್ಡರ್ ಮಾಡ್ರಿ.

ಉಡುಪಿ_ಫ್ಯಾಬ್ರಿಕೇಶನ್:
ಮೇಲಿನವ್ರು ಗಾಳಿ ವಿಷಯ ಹೇಳಿದ್ದು ಸರಿ ಉಂಟು. ಆದ್ರೂ ನಾನು ಬೇಡ ಅಂತ್ಲೇ ಹೇಳುದು ಮಾರಾಯ್ರೆ. ನಿಮ್ಮ ಸಾವಿರ ರಿವೆಟ್ಟಲ್ಲಿ ಮೆಶ್ ಫ್ರೇಮು, ಶೆಡ್ಡಿನ ಬದಿಯದ್ದೆಲ್ಲ 3.2, 4 ಎಂಎಂ ಅಲ್ಯೂಮಿನಿಯಂ ಇರ್ತದೆ, ಅದಕ್ಕೆ ಕೈ ಗನ್ನೇ ಧಾರಾಳ. ಕಷ್ಟ ಇರುದು 4.8 ಸ್ಟೇನ್‌ಲೆಸ್ಸಿಗೆ ಮಾತ್ರ. ಅದಕ್ಕೆ ಉದ್ದ ಹಿಡಿಯ, ಎರಡು ಕೈಯಲ್ಲಿ ಒತ್ತುವ ರಿವೆಟರ್ ಸಿಕ್ತದೆ, ಏರ್ ಗನ್ನಿಗಿಂತ ತುಂಬಾ ಕಮ್ಮಿ ದುಡ್ಡು, ಮಣಿಕಟ್ಟಿಗೆ ಏನೂ ಆಗುದಿಲ್ಲ, ಭಾರ ಎಲ್ಲ ತೋಳಿಗೆ ಹೋಗ್ತದೆ. ಪೈಪ್ ಇಲ್ಲ, ಕರೆಂಟ್ ಇಲ್ಲ, ಹತ್ತು ವರ್ಷ ಮೂಲೆಯಲ್ಲಿ ಬಿದ್ರೂ ಹಾಳಾಗುವ ಸೀಲ್ ಇಲ್ಲ.

ಗನ್ನಿಗಿಂತ ರಿವೆಟ್ ಮೇಲೆ ದುಡ್ಡು ಹಾಕಿ. ಗಟರಿಗೆ ಸಾದಾ ಪಾಪ್ ರಿವೆಟ್ ಹಾಕಿದ್ರೆ ನಡುವಿನ ತೂತಲ್ಲೇ ನೀರು ತೊಟ್ಟಿಕ್ತದೆ, ಹಿಂಬದಿ ಮುಚ್ಚಿರುವ ಸೀಲ್ಡ್ ರಿವೆಟ್ ಕೇಳಿ ತಗೊಳ್ಳಿ, ಎರಡು ಶೀಟಿನ ನಡುವೆ ಸಿಲಿಕೋನ್ ಎಳೆದು ಆಮೇಲೆ ರಿವೆಟ್ ಹೊಡೀರಿ. ಮತ್ತೆ ಶೀಟನ್ನು ಪರ್ಲಿನ್ ಪೈಪಿಗೆ (ಶೀಟಿಗೆ ಆಧಾರವಾಗಿ ಅಡ್ಡ ಹಾಕುವ ಪೈಪು) ಹಿಡಿಸ್ಲಿಕ್ಕೆ ರಿವೆಟ್ ಬೇಡವೇ ಬೇಡ, ಅದಕ್ಕೆ ರಬ್ಬರ್ ವಾಷರ್ ಇರುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ. ಹಾಗೆ ಲೆಕ್ಕ ಹಾಕಿದ್ರೆ ಶೆಡ್ಡಲ್ಲೇ ಅರ್ಧ ರಿವೆಟ್ ಕಮ್ಮಿ ಆಗ್ತದೆ ನೋಡಿ.

ಪೀಣ್ಯ_ಡಕ್ಟಿಂಗ್:
ಉದ್ದ ಹಿಡಿಯದ್ದು ಒಳ್ಳೇದೇ, ಆದ್ರೆ ಒಂದು ವಿಷಯ ಬಿಟ್ಟೋಯ್ತು. ಅದಕ್ಕೆ ಎರಡೂ ಕೈ ಬೇಕು, ಏಣಿ ಮೇಲೆ ನಿಂತಾಗ ಹಿಡ್ಕೊಳ್ಳೋದು ಯಾವ ಕೈಲಿ? ಗೋಡೆ ಪಕ್ಕ, ಮೂಲೇಲಿ ಎರಡು ಹಿಡಿ ಅಗಲಿಸೋಕೆ ಜಾಗಾನೂ ಇರಲ್ಲ. ಏರ್ ಗನ್ ಒಂದೇ ಕೈಲಿ ಟ್ರಿಗರ್ ಒತ್ತಿದ್ರೆ ಆಯ್ತು, ನಿಜವಾದ ಲಾಭ ಅದೇ, ಸ್ಪೀಡ್ ಅಲ್ಲ. ಆದ್ರೆ ಗನ್ನೇ ಒಂದೂವರೆ ಕೆಜಿ ಹತ್ತಿರ ತೂಗುತ್ತೆ, ಜೊತೆಗೆ ಗಾಳಿ ಪೈಪ್ ಕೆಳಕ್ಕೆ ಜಗ್ಗುತ್ತೆ, ಏಣಿಗೆ ಸಿಕ್ಕಾಕೊಳ್ಳುತ್ತೆ, ಅದೂ ಸುಖ ಅಲ್ಲ. ಬ್ಯಾಟರಿ ಡ್ರಿಲ್ ಇದ್ರೆ ಅದಕ್ಕೆ ಹಾಕೋ ರಿವೆಟ್ ಅಡಾಪ್ಟರ್ ಇದೆ, ಲೋ ಗೇರಲ್ಲಿ ಇಟ್ಟು ಎಳೆಯೋದು, ಕಡ್ಡಿ ಬಿಡಿಸೋಕೆ ರಿವರ್ಸ್ ಮಾಡೋದು, ನಿಧಾನ ಅಷ್ಟೇ, ಇದಕ್ಕೂ ಇನ್ನೊಂದು ಕೈಲಿ ಅಡಾಪ್ಟರ್ ಹಿಡಿ ಹಿಡ್ಕೊಳ್ಬೇಕು.

ನನ್ನ ಕೇಳಿದ್ರೆ ಗಟರ್ ಜಾಯಿಂಟ್‌ಗಳನ್ನ ನೆಲದ ಮೇಲೇ ರಿವೆಟ್ ಹೊಡೆದು ಎತ್ತೋಕಾಗೋಷ್ಟು ಉದ್ದ ಮಾಡ್ಕೊಳ್ಳಿ, ಮೇಲೆ ಹೋದ್ಮೇಲೆ ಬ್ರಾಕೆಟ್ಟಿಗೆ ಸ್ಕ್ರೂ ಹಾಕಿ. ಏಣಿ ಮೇಲೆ ರಿವೆಟ್ ಹೊಡೆಯೋದು ಎಷ್ಟು ಕಮ್ಮಿ ಮಾಡ್ತೀರೋ ಅಷ್ಟು ಒಳ್ಳೇದು. ಕನ್ನಡಕ ಹಾಕ್ಕೊಳ್ದೆ ಯಾವ ಗನ್ನೂ ಮುಟ್ಬೇಡಿ. ಏರ್ ಗನ್ನಲ್ಲಿ ತುಂಡಾದ ಕಡ್ಡಿ ಹಿಂದಕ್ಕೆ ರಪ್ ಅಂತ ಹಾರುತ್ತೆ, ಹಿಂದಿರೋ ಪ್ಲಾಸ್ಟಿಕ್ ಡಬ್ಬಿ ತೆಗೆದು ಓಡಿಸ್ಲೇಬೇಡಿ.

ಶಿರಸಿ_ತೋಟ:
ತುಂಬಾ ಉಪಕಾರ ಆಯ್ತು. ನೆಲದ ಮೇಲೇ ಜೋಡಿಸೋದು ನನ್ನ ತಲೆಗೇ ಹೋಗಿರ್ಲಿಲ್ಲ, ಬ್ರಾಕೆಟ್ಟಿಗೆ ಸ್ಕ್ರೂ ಹಾಕಿದ್ರೆ 4.8 ಬರೀ ಜಾಯಿಂಟಿಗೆ ಸಾಕು. ಹಾಗಾಗಿ ಉದ್ದ ಹಿಡಿಯದ್ದೇ ತಗೊಳ್ತೀನಿ, ಏರ್ ಗನ್ ಸದ್ಯಕ್ಕೆ ಬೇಡ. 4.8ಕ್ಕೆ ಯಾವ ಡ್ರಿಲ್ ಬಿಟ್? ನಾನು 5.5 ಇಟ್ಕೊಂಡಿದೀನಿ.

ಹುಬ್ಬಳ್ಳಿ_ಬಾಡಿಕೆಲಸ:
5.5 ಭಾಳ ದೊಡ್ಡದಾತ್ರಿ, ರಿವೆಟ್ ಸಡಿಲ ಕೂಡತೈತಿ, ಗಾಳಿಗೆ ಗಟರ್ ಅಳ್ಳಾಡಿದಂಗೆಲ್ಲಾ ತೂತು ಇನ್ನೂ ಅಗಲ ಆಗತೈತಿ. 4.9 ಹಾಕ್ರಿ, ಸಿಗಲಿಲ್ಲಂದ್ರ 5, ಅದರ ಮ್ಯಾಲ ಬ್ಯಾಡ. 3.2ಕ್ಕ 3.3 ಬಿಟ್. ಗನ್ನಿನ ಮೂಗಿಗೆ ಹಾಕೋ ನೋಸ್ ಪೀಸೂ ರಿವೆಟ್ ಸೈಜಿಂದ ಇರಬೇಕು, ಉದ್ದ ಎಷ್ಟು ಬೇಕು ಅನ್ನೋದು ಪ್ಯಾಕೆಟ್ ಮ್ಯಾಲೆ ಬರೆದಿರೋ ಗ್ರಿಪ್ ಅಳತಿ, ಅಂದ್ರ ಎಷ್ಟು ದಪ್ಪ ಶೀಟ್ ಹಿಡಿತೈತಿ ಅನ್ನೋದು, ನೋಡಿ ತಗೋರಿ. ಕಡ್ಡಿ ಜಾರಾಕ ಹತ್ತಿದ್ರ ಗನ್ ಹೋತು ಅನ್ಕೋಬ್ಯಾಡ್ರಿ, ಜಾ ಬಿಚ್ಚಿ ಸೀಮೆಎಣ್ಣಿ ಹಾಕಿ ಬ್ರಶ್ಶಿಲೆ ತಿಕ್ರಿ, ಹಲ್ಲಿನ್ಯಾಗ ಪುಡಿ ಸೇರಿರತೈತಿ. ಆಮ್ಯಾಲ ಸಂಜಿಕ ಕೆಲಸ ಬಿಡೋ ಮುಂದ ಶೀಟ್ ಮ್ಯಾಲೆ, ಗಟರಿನ್ಯಾಗ ಬಿದ್ದ ಕಡ್ಡಿ, ಡ್ರಿಲ್ ಪುಡಿ ಎಲ್ಲಾ ಗುಡಿಸಿ ತೆಗೀರಿ, ಒಂದು ಮಳಿ ಬಿದ್ರ ಸಾಕು ಅವು ತುಕ್ಕು ಹಿಡಿದು ಹೊಸ ಶೀಟಿಗೆ ಕಲೆ ಮಾಡ್ತಾವ.