ಕಡಿಮೆ ಖರ್ಚಿನ ಕಿರುಚಿತ್ರ: ಯಾವುದನ್ನು ಕೊಳ್ಳಬೇಕು, ಯಾವುದನ್ನು ನಾವೇ ಮಾಡಿಕೊಳ್ಳಬಹುದು?

ಹೇಮಾವತಿ ದಂಡೆ (ಸಕಲೇಶಪುರ):

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಹಳೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ (ಕೆಲಸಗಾರರಿಗಾಗಿ ಸಾಲಾಗಿ ಕಟ್ಟಿದ ಮನೆ) ನಡೆಯುವ, ಸುಮಾರು ಇಪ್ಪತ್ತು ನಿಮಿಷಗಳ ಕಿರುಚಿತ್ರವೊಂದನ್ನು ಗೆಳೆಯರು ಸೇರಿ ಮಾಡಬೇಕೆಂದಿದ್ದೇವೆ. ಕತೆಯ ಮುಕ್ಕಾಲು ಪಾಲು ರಾತ್ರಿಯ ಹೊತ್ತು, ಮನೆಯೊಳಗೆ, ಅಜ್ಜಿ ಮತ್ತು ಮೊಮ್ಮಗನ ಮಾತಿನಲ್ಲಿಯೇ ಸಾಗುತ್ತದೆ. ಉಳಿದದ್ದು ಕಾಫಿ ಕಣದಲ್ಲಿ ಮತ್ತು ತೋಟದ ದಾರಿಯಲ್ಲಿ. ನಮ್ಮ ಬಳಿ ಒಂದು ಒಳ್ಳೆಯ ಆಂಡ್ರಾಯ್ಡ್ ಫೋನ್, ಸಂಕಲನಕ್ಕೆ ಸಾಲುವಂಥ ಒಂದು ಕಂಪ್ಯೂಟರ್ ಮತ್ತು ಎಲ್ಲರೂ ಕೂಡಿಹಾಕಿದ ನಲವತ್ತು ಸಾವಿರ ರೂಪಾಯಿ ಇವೆ. ಊಟ, ಓಡಾಟಗಳೂ ಇದರಲ್ಲಿಯೇ ಆಗಬೇಕಾದ್ದರಿಂದ ಉಪಕರಣಗಳಿಗೆ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಹಾಕುವಂತಿಲ್ಲ.

ಕೇಳಿದವರೆಲ್ಲ ಒಂದೊಂದು ಹೇಳುತ್ತಿದ್ದಾರೆ. ಒಬ್ಬರು ಮೊದಲು ಗಿಂಬಲ್ (ಓಡಾಡುವಾಗ ಕ್ಯಾಮೆರಾ ಕುಲುಕದಂತೆ ಹಿಡಿಯುವ ಸಾಧನ) ಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳಿ ಎನ್ನುತ್ತಾರೆ, ಮತ್ತೊಬ್ಬರು ಎಲ್ಲವನ್ನೂ ಪಿವಿಸಿ ಪೈಪಿನಲ್ಲಿಯೇ ಮಾಡಿಕೊಳ್ಳಬಹುದು ಎನ್ನುತ್ತಾರೆ. ಕತೆಗೆ ಮಳೆ ಬೇಕಾಗಿರುವುದರಿಂದ ಜುಲೈ ತಿಂಗಳಿನಲ್ಲಿ ಚಿತ್ರೀಕರಿಸುವ ಯೋಚನೆಯಿದೆ. ಇಷ್ಟು ಹಣವನ್ನು ಯಾವುದರ ಮೇಲೆ ಹಾಕಿದರೆ ಚಿತ್ರಕ್ಕೆ ನಿಜವಾಗಿ ಉಪಯೋಗವಾದೀತು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಕಿವಿಗೊಟ್ಟವನು (ಹಾಸನ):

ಗಿಂಬಲ್ ಬೇಡ. ಒಂದೇ ಕೋಣೆಯಲ್ಲಿ ಇಬ್ಬರು ಕುಳಿತು ಮಾತನಾಡುವ ಕತೆಗೆ ಅದರಿಂದ ಆಗುವ ಲಾಭ ಅಷ್ಟಕ್ಕಷ್ಟೆ. ಚಿತ್ರ ಸ್ವಲ್ಪ ಮಬ್ಬಾಗಿದ್ದರೂ ಜನ ಕುಳಿತು ನೋಡುತ್ತಾರೆ. ಅಜ್ಜಿಯ ಮಾತು ಅರ್ಥವಾಗದಿದ್ದರೆ ಎರಡನೆಯ ನಿಮಿಷಕ್ಕೇ ಎದ್ದು ಹೋಗುತ್ತಾರೆ. ನಾನು ಪಾಲಿಸುವ ನಿಯಮವೇನೆಂದರೆ, ದೃಶ್ಯವನ್ನೋ ಶಬ್ದವನ್ನೋ ದಾಖಲಿಸುವ ವಸ್ತುವನ್ನು ಅಂಗಡಿಯಿಂದ ತರಬೇಕು, ಅದನ್ನು ಹಿಡಿದು ನಿಲ್ಲಿಸುವ, ಬೆಳಕನ್ನು ಹರಡುವ, ಸದ್ದನ್ನು ತಡೆಯುವ ವಸ್ತುಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕು. ಆದ್ದರಿಂದ ಮೊದಲ ಖರ್ಚು ಮೈಕಿನದು.

ಪಾತ್ರಕ್ಕೊಂದರಂತೆ ತಂತಿಯಿರುವ ಎರಡು ಕಾಲರ್ ಮೈಕುಗಳನ್ನು ಕೊಳ್ಳಿ. ಬೋಯಾ ಬಿವೈ-ಎಂ1ನಂಥವು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತವೆ ಮತ್ತು ಅದರ ತಂತಿಯೇ ಆರು ಮೀಟರ್ ಉದ್ದವಿದೆ. ಅಗ್ಗದ ವೈರ್‌ಲೆಸ್ ಮೈಕಿಗಿಂತ ಇದು ಮೇಲು, ಏಕೆಂದರೆ ನಡುವೆ ಸಂಪರ್ಕ ತಪ್ಪುವ ಭಯವಿಲ್ಲ. ಪ್ರತಿಯೊಬ್ಬರ ಮನೆಯ ಡ್ರಾಯರಿನಲ್ಲಿಯೂ 3.5 ಮಿ.ಮೀ. ಜ್ಯಾಕ್ ಇರುವ ಹಳೆಯ ಫೋನೊಂದು ಬಿದ್ದಿರುತ್ತದೆ. ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿ, ನಟರ ಜೇಬಿನಲ್ಲಿಯೋ ಸೊಂಟದಲ್ಲಿಯೋ ಇರಿಸಿದರೆ ಅದೇ ನಿಮ್ಮ ರೆಕಾರ್ಡರ್. ಮಾದರಿ ದರವನ್ನು (ಸೆಕೆಂಡಿಗೆ ಎಷ್ಟು ಬಾರಿ ಶಬ್ದವನ್ನು ಅಳೆದು ದಾಖಲಿಸಬೇಕೆಂಬ ಲೆಕ್ಕ, ಸ್ಯಾಂಪಲ್ ರೇಟ್) 48 ಕಿಲೋಹರ್ಟ್ಸ್‌ಗೆ ಇಟ್ಟುಕೊಳ್ಳಿ, ಏಕೆಂದರೆ ವಿಡಿಯೊದ ರೂಢಿ ಅದು. ಪ್ರತಿ ಶಾಟಿನ ಆರಂಭದಲ್ಲಿ ಕ್ಯಾಮೆರಾದ ಎದುರು ಒಮ್ಮೆ ಚಪ್ಪಾಳೆ ತಟ್ಟಿದರೆ ಸಂಕಲನದಲ್ಲಿ ಶಬ್ದವನ್ನೂ ಚಿತ್ರವನ್ನೂ ಕೂಡಿಸುವುದು ಸುಲಭ. ಎರಡು ಫೋನುಗಳ ಗಡಿಯಾರಗಳು ತುಸು ಬೇರೆಬೇರೆ ವೇಗದಲ್ಲಿ ಓಡುವುದರಿಂದ ಹತ್ತಾರು ನಿಮಿಷಗಳ ಒಂದೇ ಶಾಟ್ ತೆಗೆದರೆ ಕೊನೆಯಲ್ಲಿ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ. ಶಾಟುಗಳು ಚಿಕ್ಕದಾಗಿದ್ದರೆ ಈ ತೊಂದರೆಯಿಲ್ಲ. ಮೈಕನ್ನು ಅಜ್ಜಿಯ ಸೆರಗಿನೊಳಗೆ ಬಚ್ಚಿಡುವುದಾದರೆ ಔಷಧಿ ಅಂಗಡಿಯಲ್ಲಿ ಸಿಗುವ ಮೈಕ್ರೋಪೋರ್ ಪಟ್ಟಿಯಿಂದ ಬಟ್ಟೆಗೆ ಬಿಗಿಯಾಗಿ ಅಂಟಿಸಿ. ಬಟ್ಟೆ ಮೈಕಿಗೆ ಉಜ್ಜುವ ಸದ್ದನ್ನು ಆಮೇಲೆ ಯಾವ ತಂತ್ರಾಂಶದಿಂದಲೂ ಪೂರ್ತಿಯಾಗಿ ತೆಗೆಯಲಾಗುವುದಿಲ್ಲ.

ಜುಲೈ ಎಂದಿರಿ. ಅದರಲ್ಲಿಯೇ ನಿಮ್ಮ ನಿಜವಾದ ಕಷ್ಟವಿದೆ. ಹೆಂಚಿನ ಮಾಡಿನ ಕೆಳಗೆ ಜಿಟಿಜಿಟಿ ಮಳೆಯನ್ನು ಹೇಗೋ ಸಹಿಸಬಹುದು, ಆದರೆ ಮಾಡು ಜಿಂಕ್ ಶೀಟಿನದಾಗಿದ್ದರೆ ಸಣ್ಣ ಮಳೆಗೂ ಮಾತು ಮುಳುಗಿಹೋಗುತ್ತದೆ. ಅಷ್ಟೇ ಅಲ್ಲದೆ, ಒಂದು ಶಾಟಿನಲ್ಲಿ ಜೋರಾಗಿದ್ದ ಮಳೆ ಮುಂದಿನ ಶಾಟಿನಲ್ಲಿ ನಿಂತಿರುತ್ತದೆ, ಎರಡನ್ನೂ ಜೋಡಿಸಿದಾಗ ಶಾಟುಗಳು ಕೂಡುವ ಪ್ರತಿ ಜಾಗದಲ್ಲಿಯೂ ಶಬ್ದ ಹಾರುತ್ತದೆ. ಆದ್ದರಿಂದ ಮಳೆ ಹೊಳವಾದಾಗ ಮಾತನ್ನು ದಾಖಲಿಸಿ, ಮಳೆಯ ಸದ್ದನ್ನು ಬೇರೆಯಾಗಿ ನಾಲ್ಕೈದು ನಿಮಿಷ ಹಿಡಿದುಕೊಂಡು, ಸಂಕಲನದಲ್ಲಿ ಇಡೀ ದೃಶ್ಯದ ಅಡಿಯಲ್ಲಿ ಹಾಸಿರಿ. ಯಾರೂ ಮಾತನಾಡದಿರುವಾಗಿನ ಕೋಣೆಯ ಮೌನವನ್ನೂ ಅರ್ಧ ನಿಮಿಷ ದಾಖಲಿಸಿಕೊಳ್ಳಿ. ಜೀರುಂಡೆಗಳ ಸದ್ದಿಗೂ ಇದೇ ಉಪಾಯ.

ಕೋಣೆಯಲ್ಲಿ ಮಾರ್ದನಿ ಹೆಚ್ಚಿದ್ದರೆ ಕ್ಯಾಮೆರಾಕ್ಕೆ ಕಾಣದ ಮೂರು ಬದಿಗಳಲ್ಲಿ ಕರಿಯ ಕಂಬಳಿಗಳನ್ನು ಇಳಿಬಿಡಿ. ತೋಟದ ದಾರಿಯ ದೃಶ್ಯಗಳಿಗೆ ಉದ್ದ ಕೋಲಿನ ತುದಿಯ ಮೈಕು ಬೇಕೆನಿಸಿದರೆ ನೆರೆಯವರ ಅಡಿಕೆ ದೋಟಿಯನ್ನು (ಅಡಿಕೆ ಕೊಯ್ಯುವ ಉದ್ದ ಕೋಲು) ಕೇಳಿ ತನ್ನಿ. ಕಾರ್ಬನ್ ಫೈಬರಿನ ದೋಟಿಯ ತುದಿಯ ಎರಡು ತುಂಡುಗಳಷ್ಟೇ ಸಾಕು, ಹಗುರವಾಗಿರುತ್ತವೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುವುದರಿಂದ ಕರೆಂಟಿನ ತಂತಿಯ ಹತ್ತಿರ ಅದನ್ನು ಎತ್ತಲೇಬಾರದು. ಕ್ಯಾಮೆರಾದ ವಿಷಯಕ್ಕೆ ಬಂದರೆ, ಈಗಿರುವ ಫೋನೇ ಸಾಕು ಎಂಬುದು ನನ್ನ ಅಭಿಪ್ರಾಯ.

ಬೆಳ್ಳಂದಿಯ ಬೆಳಕು (ಚಿಕ್ಕಮಗಳೂರು):

ಶಬ್ದದ ಬಗ್ಗೆ ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಬೆಳಕಿನ ಬಗ್ಗೆ ಮಾತ್ರ ಬರೆಯುತ್ತೇನೆ.

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸ್‌ನದು, ಆದ್ದರಿಂದ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಬಾರಿ ಮಿಣುಕುತ್ತದೆ. ಅದು ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಫೋನ್ ತನ್ನ ಪಾಡಿಗೆ ಸೆಕೆಂಡಿಗೆ 30 ಅಥವಾ 24 ಫ್ರೇಮಿನಲ್ಲಿ (ಬಿಡಿ ಚಿತ್ರಗಳಲ್ಲಿ) ಚಿತ್ರೀಕರಿಸುತ್ತ ಶಟರನ್ನು, ಅಂದರೆ ಪ್ರತಿ ಫ್ರೇಮಿಗೂ ಬೆಳಕು ಬೀಳುವ ಅವಧಿಯನ್ನು, ಬೇಕಾದಂತೆ ಬದಲಿಸುತ್ತಿದ್ದರೆ ಗೋಡೆಯ ಮೇಲೆ ಕಪ್ಪು ಪಟ್ಟೆಗಳು ಮೇಲಿನಿಂದ ಕೆಳಕ್ಕೆ ಜಾರುವುದು ಪರದೆಯಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ. ಸೆಕೆಂಡಿಗೆ 25 ಫ್ರೇಮ್, 1/50 ಸೆಕೆಂಡಿನ ಶಟರ್ ಎಂದು ಗಟ್ಟಿಯಾಗಿ ನಿಲ್ಲಿಸಿದರೆ ಈ ಪೀಡೆಯಿಲ್ಲ. ಇದನ್ನೂ ಬಿಳಿ ಬಣ್ಣದ ಹೊಂದಾಣಿಕೆಯನ್ನೂ ಕೈಯಿಂದ ನಿಗದಿಪಡಿಸಲು ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಆ್ಯಪ್ ಉಚಿತವಾಗಿ ದೊರೆಯುತ್ತದೆ. 2024ರಿಂದ ಆಂಡ್ರಾಯ್ಡ್‌ನ ಆಯ್ದ ಫೋನುಗಳಿಗೂ ಬಂದಿದೆ, ನಿಮ್ಮದಕ್ಕೆ ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅದೇ ಕಂಪನಿಯ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಂಕಲನಕ್ಕೂ ಬಣ್ಣದ ಕೆಲಸಕ್ಕೂ ಧಾರಾಳವಾಗಿ ಸಾಕು.

ದೀಪದ ಪ್ಯಾನೆಲ್ ಕೊಳ್ಳುವ ಅಗತ್ಯವಿಲ್ಲ. ಆದರೆ ಬಲ್ಬಿನ ಪೆಟ್ಟಿಗೆಯ ಮೇಲೆ ಸಿಆರ್‌ಐ (ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಂಕ, ಹೆಚ್ಚೆಂದರೆ 100) ಎಷ್ಟೆಂದು ಓದಿ ಕೊಳ್ಳಿ. ಸಾಮಾನ್ಯ ಮನೆಬಲ್ಬಿನದು 80ರ ಆಸುಪಾಸಿನಲ್ಲಿರುತ್ತದೆ, ಅದರಲ್ಲಿ ಮುಖದ ಕೆಂಪು ಸತ್ತು ಮೈಬಣ್ಣ ಕಾಯಿಲೆ ಬಿದ್ದವರಂತೆ ಕಾಣುತ್ತದೆ. 90ಕ್ಕಿಂತ ಮೇಲಿನದನ್ನು ಹುಡುಕಿ, ಎಲ್ಲವನ್ನೂ ಒಂದೇ ಕಂಪನಿಯ ಒಂದೇ ಬಗೆಯದನ್ನಾಗಿ ತನ್ನಿ. ದೀಪಾವಳಿಗೆ ಕಟ್ಟುವ ಬಿಳಿ ಕಾಗದದ ಆಕಾಶಬುಟ್ಟಿಯೊಳಗೆ ಅಂಥ ಬಲ್ಬೊಂದನ್ನಿಟ್ಟು ತೊಲೆಗೆ ತೂಗುಹಾಕಿದರೆ, ದೊಡ್ಡ ಚಿತ್ರಗಳಲ್ಲಿ ಬಳಸುವ ಚೈನಾ ಬಾಲ್ ಎಂಬ ದೀಪದ ಕೆಲಸವನ್ನೇ ಅದು ಮಾಡುತ್ತದೆ. ಹಳೆಯ ಕಾಲದ ಬಿಸಿಯಾಗುವ ಬಲ್ಬನ್ನು ಮಾತ್ರ ಅದರೊಳಗೆ ಇಡಬೇಡಿ, ಕಾಗದ ಹೊತ್ತಿಕೊಳ್ಳುತ್ತದೆ. ಬಿದಿರಿನ ಚೌಕಟ್ಟಿಗೆ ಬಿಳಿ ಪಂಚೆಯನ್ನು ಬಿಗಿದರೆ ಬೆಳಕನ್ನು ಮೃದುಗೊಳಿಸುವ ಪರದೆ ಸಿದ್ಧ. ಎರಡು ಇಂಚಿನ ಥರ್ಮೋಕೋಲ್ ಹಲಗೆ ಬೆಳಕನ್ನು ತಿರುಗಿಸಿ ಮುಖಕ್ಕೆ ಹಾಯಿಸುತ್ತದೆ.

ಲೈನ್ ಮನೆಗಳಲ್ಲಿ ಬೆಳಕು ಕಡಿಮೆಯಾಗಿ ತೊಂದರೆಯಾಗುವುದಕ್ಕಿಂತ ಹೆಚ್ಚಾಗಿ ತೊಂದರೆಯಾಗುವುದು ಸುಣ್ಣ ಬಳಿದ ಗೋಡೆಗಳಿಂದ. ಕೋಣೆ ಚಿಕ್ಕದು, ಗೋಡೆ ಬಿಳಿದು. ಒಂದೇ ದೀಪ ಹಚ್ಚಿದರೂ ಬೆಳಕು ನಾಲ್ಕೂ ಕಡೆಯಿಂದ ಚಿಮ್ಮಿ ಬಂದು ನೆರಳನ್ನೆಲ್ಲ ತುಂಬಿಬಿಡುತ್ತದೆ, ರಾತ್ರಿಯೆಂಬ ಭಾವವೇ ಉಳಿಯುವುದಿಲ್ಲ. ಇಲ್ಲಿ ಬೇಕಾದದ್ದು ಇನ್ನೊಂದು ದೀಪವಲ್ಲ, ಕಪ್ಪು. ದೀಪದ ಎದುರು ಬದಿಯಲ್ಲಿ, ಮುಖಕ್ಕೆ ಎರಡು ಮೂರು ಅಡಿ ದೂರದಲ್ಲಿ ಕರಿಯ ಕಂಬಳಿಯೊಂದನ್ನು ಹಿಡಿದು ನೋಡಿ: ಕೆನ್ನೆಯ ಆ ಬದಿ ಕತ್ತಲಿಗೆ ಸರಿದು, ಅಜ್ಜಿಯ ಮುಖದ ಸುಕ್ಕುಗಳು ತಾವಾಗಿಯೇ ಮೂಡುತ್ತವೆ. ಶಬ್ದಕ್ಕೆಂದು ತಂದ ಕಂಬಳಿಗಳೇ ಇದಕ್ಕೂ ಆಗುತ್ತವೆ. ಕಿಟಕಿ ಬಾಗಿಲುಗಳನ್ನು ಅದೇ ಕಂಬಳಿಯಿಂದ ಮುಚ್ಚಿದರೆ ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲಿಯೇ ತೆಗೆಯಬಹುದು; ವಯಸ್ಸಾದ ನಟಿಯನ್ನು ನಡುರಾತ್ರಿಯವರೆಗೆ ಎಚ್ಚರವಾಗಿ ಕೂರಿಸುವುದೂ ತಪ್ಪುತ್ತದೆ.

ವೈರಿಂಗನ್ನು ಮಾತ್ರ ನೀವೇ ಮಾಡಬೇಡಿ. ಮಳೆಗಾಲದ ಒದ್ದೆ ನೆಲದಲ್ಲಿ ಜೋಡಿಸಿದ ತಂತಿಗೆ ಟೇಪು ಸುತ್ತಿ ಕೆಲಸ ನಡೆಸುವುದು ಜೀವಕ್ಕೆ ಅಪಾಯ. ಅರ್ತಿಂಗ್ ಇರುವ ಎಕ್ಸ್‌ಟೆನ್ಷನ್ ಬೋರ್ಡನ್ನು ಎಲೆಕ್ಟ್ರಿಷಿಯನ್ ಒಬ್ಬರಿಂದ ಮಾಡಿಸಿ.

ತೇವದ ಪೆಟ್ಟಿಗೆ (ಮೂಡಿಗೆರೆ):

ಫೋನೇ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಈ ಚರ್ಚೆ ಬಂದಾಗಲೆಲ್ಲ 2015ರ ‘ಟ್ಯಾಂಜರೀನ್’ ಚಿತ್ರವನ್ನು ಐಫೋನ್ 5ಎಸ್‌ನಲ್ಲಿ ತೆಗೆದರು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ಚಿತ್ರವನ್ನು ಅಗಲ ಪರದೆಗೆ ಹೊಂದಿಸುವ ಅನಾಮಾರ್ಫಿಕ್ ಅಡಾಪ್ಟರನ್ನೂ ಕುಲುಕು ತಡೆಯುವ ಸ್ಟೆಡಿಕ್ಯಾಮಿನಂಥ ಆಧಾರವನ್ನೂ ಜೋಡಿಸಿದ್ದರೆಂಬುದನ್ನು ಹೇಳುವುದಿಲ್ಲ. ಫೋನಿನ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಭಾಗ) ಚಿಕ್ಕದು. ಕಣದ ದೃಶ್ಯಗಳಿಗೆ ಅದು ಚೆನ್ನಾಗಿಯೇ ಇರುತ್ತದೆ, ಆದರೆ ಕಂಬಳಿ ಕಟ್ಟಿ ಕತ್ತಲು ಮಾಡಿದ ಕೋಣೆಯಲ್ಲಿ ನೆರಳಿನ ಭಾಗವೆಲ್ಲ ಕಾಳುಕಾಳಾಗಿ ಒಡೆಯುತ್ತದೆ. ಹಾಗೆಂದು ಕ್ಯಾಮೆರಾ ಕೊಳ್ಳಿ ಎಂದೂ ಹೇಳುತ್ತಿಲ್ಲ. ಒಳಾಂಗಣದ ದೃಶ್ಯಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು, ಆ ಕೆಲವು ದಿನಗಳಿಗೆ ಮಾತ್ರ ದೊಡ್ಡ ಸೆನ್ಸರಿನ ಕ್ಯಾಮೆರಾವನ್ನೂ ಹೆಚ್ಚು ಬೆಳಕನ್ನು ಒಳಬಿಡುವ 50 ಮಿ.ಮೀ. ಎಫ್/1.8 ಲೆನ್ಸನ್ನೂ ಬಾಡಿಗೆಗೆ ತನ್ನಿ.

ಬಾಡಿಗೆಗೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಹಾಸನ, ಚಿಕ್ಕಮಗಳೂರುಗಳ ಮದುವೆ ಸ್ಟುಡಿಯೋಗಳಲ್ಲಿ ಇದೆಲ್ಲವೂ ಇರುತ್ತದೆ, ಮತ್ತು ಆಷಾಢದಲ್ಲಿ ಮದುವೆಗಳಿಲ್ಲದ ಕಾರಣ ಅವು ಬೀರುವಿನಲ್ಲಿಯೇ ಕುಳಿತಿರುತ್ತವೆ. ನಿಮ್ಮ ಜುಲೈ ಬಹುಮಟ್ಟಿಗೆ ಆಷಾಢದಲ್ಲಿಯೇ ಬೀಳುವುದರಿಂದ ಚೌಕಾಸಿ ಮಾಡಲು ನಿಮಗೆ ಅವಕಾಶವಿದೆ. ಧನುರ್ಮಾಸದಲ್ಲಿಯೂ ಹೀಗೆಯೇ ಬಾಡಿಗೆ ಇಳಿಯುತ್ತದೆ, ಆಗ ಮಳೆಯೂ ಇರುವುದಿಲ್ಲ. ಆದರೆ ಕಾಫಿ ಕೊಯ್ಲಿನ ಕಾಲವಾದ್ದರಿಂದ ತೋಟದಲ್ಲಿ ಯಾರಿಗೂ ನಿಮ್ಮ ಕಡೆ ತಿರುಗಿ ನೋಡಲು ಪುರುಸೊತ್ತು ಇರುವುದಿಲ್ಲ.

ಬಾಡಿಗೆಗೆ ತಂದದ್ದನ್ನು ಮಲೆನಾಡಿನ ತೇವದಿಂದ ಕಾಪಾಡುವುದು ನಿಮ್ಮ ಹೊಣೆ. ಗಾಳಿಯಾಡದಂತೆ ಮುಚ್ಚುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ತೇವಮಾಪಕ, ಇವಿಷ್ಟಿದ್ದರೆ ಸಾವಿರಾರು ರೂಪಾಯಿಯ ಡ್ರೈ ಕ್ಯಾಬಿನೆಟ್ ಬೇಕಿಲ್ಲ. ಮುಳ್ಳು 40ರಿಂದ 50 ಶೇಕಡಾದ ನಡುವೆ ನಿಂತರೆ ಸಾಕು. ಕಿತ್ತಳೆ ಬಣ್ಣದ ಜೆಲ್ ತೇವ ಹೀರಿ ಹಸಿರಾದಾಗ ಹದವಾಗಿ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಜೆಲ್ ಬದಲು ಅಕ್ಕಿ ಹಾಕಿ ಎಂಬ ಸಲಹೆ ಎಲ್ಲೆಡೆ ಹರಿದಾಡುತ್ತಿದೆ. ಅಕ್ಕಿ ಹೀರುವುದು ಅತ್ಯಲ್ಪ, ಅದರ ಧೂಳು ಮಾತ್ರ ಲೆನ್ಸಿನೊಳಗೆ ಸೇರುತ್ತದೆ. ತಣ್ಣನೆಯ ಹೊರಗಾಳಿಯಿಂದ ಒಲೆ ಉರಿಯುವ ಮನೆಯೊಳಗೆ ಬಂದೊಡನೆ ಕ್ಯಾಮೆರಾವನ್ನು ಚೀಲದಿಂದ ತೆಗೆಯಬೇಡಿ, ಗಾಜಿನ ಮೇಲೆ ನೀರು ಕೂರುತ್ತದೆ. ಚೀಲದೊಳಗೇ ಬೆಚ್ಚಗಾಗಲು ಬಿಡಿ.

ಹೇಮಾವತಿ ದಂಡೆ:

ತಮ್ಮೆಲ್ಲರಿಗೂ ಧನ್ಯವಾದಗಳು. ಗಿಂಬಲ್ ಕೈಬಿಟ್ಟೆವು, ಕಂಬಳಿಗಳು ಮನೆಯಲ್ಲಿಯೇ ಇವೆ. ಇನ್ನೆರಡು ಸಂದೇಹಗಳಿವೆ. ತೋಟದ ದಾರಿಯಲ್ಲಿ ಮೊಮ್ಮಗ ನಡೆದು ಬರುವಾಗ ಕ್ಯಾಮೆರಾ ಅವನ ಜೊತೆಗೆ ಸರಿಯಬೇಕಾಗಿದೆ, ಅದಕ್ಕೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ತಳ್ಳುವ ಹಲಗೆಯನ್ನು ಮಾಡಿಸಬಹುದೇ? ಹಾಗೂ ಹಳೇಬೀಡಿನಲ್ಲಿ ಒಂದೇ ಒಂದು ಶಾಟ್ ತೆಗೆಯುವ ಆಸೆಯಿದೆ, ಫೋನಿನಲ್ಲಿಯಾದರೆ ಯಾರೂ ಕೇಳುವುದಿಲ್ಲ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ.

ಬೆಳ್ಳಂದಿಯ ಬೆಳಕು:

ಧಾರಾಳವಾಗಿ ಮಾಡಿಸಬಹುದು. ಗಟ್ಟಿ ಪ್ಲೈವುಡ್ ಹಲಗೆಯ ಅಡಿಯ ನಾಲ್ಕು ಮೂಲೆಗಳಿಗೆ ಕಬ್ಬಿಣದ ಎಲ್ ಆ್ಯಂಗಲ್ ತುಂಡುಗಳನ್ನು ಗುಡಾರದಂತೆ ಕವುಚಿ ಹಾಕಿಸಿ, ಪ್ರತಿ ತುಂಡಿನ ಎರಡು ಇಳಿಜಾರುಗಳಿಗೂ 608 ಸಂಖ್ಯೆಯ ಬೇರಿಂಗುಗಳನ್ನು ಬಿಗಿಯಿರಿ. ಸ್ಕೇಟಿಂಗ್ ಚಕ್ರದೊಳಗೆ ಇರುವುದೂ ಇದೇ ಬೇರಿಂಗ್. ನಡುವಿನ ತೂತು 8 ಮಿ.ಮೀ. ಇರುವುದರಿಂದ 8 ಮಿ.ಮೀ. ಬೋಲ್ಟು ಸರಿಯಾಗಿ ಕೂರುತ್ತದೆ. ಹಳಿಗೆ ಪಿವಿಸಿ ಪೈಪು ಹಾಕಿದರೆ ಭಾರಕ್ಕೆ ನಡುವೆ ಬಾಗುತ್ತದೆ. ತೋಟದಲ್ಲಿ ಹಳೆಯ ಅಲ್ಯೂಮಿನಿಯಂ ಸ್ಪ್ರಿಂಕ್ಲರ್ ಪೈಪುಗಳಿದ್ದರೆ ಅವನ್ನು ಕೇಳಿ ತೆಗೆದುಕೊಳ್ಳಿ, ನೆಟ್ಟಗಿರುತ್ತವೆ. ಅಡ್ಡಪಟ್ಟಿಗಳಿಂದ ಎರಡು ಪೈಪುಗಳ ಅಂತರವನ್ನು ಉದ್ದಕ್ಕೂ ಒಂದೇ ಸಮನಾಗಿ ನಿಲ್ಲಿಸಬೇಕು. ಅಗಲ ನೋಟದ ಲೆನ್ಸಿನಲ್ಲಿ ಸಣ್ಣಪುಟ್ಟ ಕುಲುಕು ಕಾಣುವುದಿಲ್ಲ, ಜೂಮ್ ಮಾಡಿದರೆ ಎಲ್ಲವೂ ಕಾಣುತ್ತದೆ.

ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಮಾತನ್ನು ಒತ್ತಿ ಹೇಳಿ. ಕ್ಯಾಮೆರಾದ ಅಡಿಯ ತಿರುಪು ಕಾಲು ಇಂಚಿನದು, ಇಂಚಿಗೆ 20 ಸುತ್ತು ಇರುತ್ತದೆ. ಅಂಗಡಿಯವರ ಕೈಗೆ ಮೊದಲು ಸಿಗುವ 6 ಮಿ.ಮೀ. ಬೋಲ್ಟು ನೋಡಲು ಹಾಗೆಯೇ ಇದ್ದು ಒಂದೆರಡು ಸುತ್ತು ಒಳಗೂ ಹೋಗುತ್ತದೆ, ಆಮೇಲೆ ಒತ್ತಿ ತಿರುಗಿಸಿದರೆ ಬಾಡಿಗೆ ಕ್ಯಾಮೆರಾದ ತಿರುಪಿನ ಸುತ್ತುಗಳೇ ಕೆಟ್ಟುಹೋಗುತ್ತವೆ. ನಿಮ್ಮ ಫೋನ್ ಹೋಲ್ಡರನ್ನು ಜೊತೆಗೆ ಒಯ್ದು, ಬೋಲ್ಟು ಬೆರಳಿನಿಂದಲೇ ಕೊನೆಯವರೆಗೆ ಸಲೀಸಾಗಿ ಹೋಗುವುದನ್ನು ನೋಡಿ ಆರಿಸಿಕೊಳ್ಳಿ, ಮತ್ತು ಹಲಗೆಯಿಂದ ಅದು ಐದು ಮಿಲಿಮೀಟರಿಗಿಂತ ಹೆಚ್ಚು ಮೇಲೆ ಚಾಚದಂತೆ ಕತ್ತರಿಸಿ ಹಾಕಿಸಿ.

ಹಳೇಬೀಡಿನ ಬಗ್ಗೆ ನಿಮ್ಮ ಗೆಳೆಯರು ಹೇಳಿದ್ದನ್ನು ನಂಬಬೇಡಿ. ಬೇಲೂರು, ಹಳೇಬೀಡುಗಳ ದೇವಾಲಯಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ, 2023ರಲ್ಲಿ ಸೋಮನಾಥಪುರದೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿವೆ. ಪ್ರವಾಸಿಗರು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳುವುದು ಬೇರೆ, ನಟರನ್ನು ನಿಲ್ಲಿಸಿ ಕಥಾಚಿತ್ರ ತೆಗೆಯುವುದು ಬೇರೆ. ಎರಡನೆಯದಕ್ಕೆ ಇಲಾಖೆಯ ಪೂರ್ವಾನುಮತಿ ಬೇಕು, ಶುಲ್ಕವೂ ಇದೆ. ದೊಡ್ಡಗದ್ದವಳ್ಳಿಯಂಥ ಜನಸಂಚಾರ ಕಡಿಮೆಯಿರುವ ದೇವಾಲಯಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ನಿಮ್ಮ ಬಜೆಟ್ಟಿನಲ್ಲಿ ಆ ಒಂದು ಶಾಟನ್ನು ಕೈಬಿಡುವುದೇ ಒಳ್ಳೆಯದು, ಇಲ್ಲವೆಂದರೆ ಈಗಲೇ ಅರ್ಜಿ ಹಾಕಿ.